ಕೃಪೆಯೂ ನಿತ್ಯಜೀವನವೂ

ಕ್ರೈಸ್ತಧರ್ಮದ ಮಾತುಗಳಲ್ಲಿ ‘ಕೃಪೆ’ ಎಂಬುದು ಕನ್ನಡಿಗರ ಕಿವಿಗೆ ಹೊಸದಲ್ಲ. ಸತ್ಯವೇದವನ್ನು ಕನ್ನಡಕ್ಕೆ ತಂದವರು ಗ್ರೀಕರ ‘ಖಾರಿಸ್’ ಎಂಬ ಶಬ್ದಕ್ಕೆ, ನಮ್ಮ ಭಕ್ತಿಪರಂಪರೆಯಲ್ಲಿ ಬಳಕೆಯಾಗಿ ಹದಗೊಂಡಿದ್ದ ಈ ಮಾತನ್ನೇ ಆರಿಸಿಕೊಂಡರು. ಯೋಗ್ಯತೆಯನ್ನೆಣಿಸದೆ ದೇವರು ಕೊಡುವ ದಾನವೆಂಬುದೇ ಅದರ ಅರ್ಥ. ಅದು ಸಂಬಳವಲ್ಲ, ಬಹುಮಾನವೂ ಅಲ್ಲ. ಭಾನುವಾರ ದೇವಾಲಯದಲ್ಲಿ ಇದನ್ನು ಕೇಳಿ ತಲೆದೂಗುವ ನಾವು, ಸೋಮವಾರ ಲೆಕ್ಕದ ಪುಸ್ತಕವನ್ನು ಬಿಚ್ಚಿದಾಗ ಇದರ ಗತಿಯೇನು? ಈ ಹೊತ್ತು ವಿಚಾರಮಾಡಬೇಕೆಂದಿರುವುದು ಇಷ್ಟೇ.

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ದೃಷ್ಟಾಂತವೊಂದಿದೆ. ಸೇವಕನೊಬ್ಬನು ಅರಸನಿಗೆ 10,000 ತಲಾಂತು ಸಾಲ ತೀರಿಸಬೇಕಾಗಿತ್ತು. ಅರಸನು ಕನಿಕರಪಟ್ಟು ಅಷ್ಟನ್ನೂ ಬಿಟ್ಟುಕೊಟ್ಟನು. ಹೊರಗೆ ಬಂದವನೇ ಆ ಸೇವಕನು, ತನಗೆ 100 ದೆನಾರಿ ಕೊಡಬೇಕಾಗಿದ್ದ ಜೊತೆಯ ಸೇವಕನ ಕುತ್ತಿಗೆ ಹಿಡಿದು ಸೆರೆಮನೆಗೆ ಹಾಕಿಸಿದನು. ದೆನಾರಿಯೆಂದರೆ ಕೂಲಿಯಾಳಿನ ಒಂದು ದಿನದ ಗಳಿಕೆ. ತಲಾಂತೊಂದಕ್ಕೆ ಸುಮಾರು 6,000 ದೆನಾರಿ. ಮೊದಲನೆಯ ಸಾಲ 6 ಕೋಟಿ ದಿನಗಳ ದುಡಿಮೆಯಾಯಿತು. ಯಾವ ಜನ್ಮಕ್ಕೂ ತೀರುವಂಥದಲ್ಲ. ಎರಡನೆಯದನ್ನು ಅಲ್ಪವೆಂದು ತಳ್ಳಿಹಾಕುವ ವಾಡಿಕೆಯುಂಟು. ಅದು ನಮಗೆ ಸರಿತೋರದು. 100 ದಿನಗಳ ಕೂಲಿಯೆಂದರೆ ಸಂಸಾರವೊಂದು ಮೂರು ತಿಂಗಳು ಉಣ್ಣುವ ಅನ್ನ. ನಮಗೆ ಅನ್ಯಾಯ ಮಾಡಿದವರ ತಪ್ಪು ನಿಜವಾದ ತಪ್ಪೇ. ಕೃಪೆಯು ಅದನ್ನು ಇಲ್ಲವೆನ್ನುವುದಿಲ್ಲ. ಅದರ ಪಕ್ಕದಲ್ಲಿ ನಮ್ಮ ಸಾಲದ ಲೆಕ್ಕವನ್ನೂ ತೆರೆದಿಡುತ್ತದೆ.

ಪುಕ್ಕಟೆ ದೊರೆತುದರಿಂದ ನಡತೆ ಸಡಿಲವಾಗದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಇಂಗ್ಲೆಂಡಿನ ಜಾನ್ ನ್ಯೂಟನ್ನನ ಬಾಳನ್ನು ನೋಡಬಹುದು. ಕೃಪೆಯನ್ನು ಕುರಿತು ಅವನು ರಚಿಸಿ 1779ರಲ್ಲಿ ಅಚ್ಚಾದ ಕೀರ್ತನೆಯನ್ನು ಲೋಕವೆಲ್ಲ ಬಲ್ಲುದು. 1748ರಲ್ಲಿ, ಅಟ್ಲಾಂಟಿಕ್ ಸಮುದ್ರದ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗುವಂತಿದ್ದಾಗ, ಅವನು ದೇವರ ಕಡೆಗೆ ತಿರುಗಿದನು. ಆದರೆ ಅನಂತರವೂ ಆಫ್ರಿಕದ ಜನರನ್ನು ಗುಲಾಮರಾಗಿ ಸಾಗಿಸುವ ಹಡಗುಗಳಲ್ಲಿಯೇ ದುಡಿದನು. 1754ರವರೆಗೂ ಅಂಥ ಹಡಗುಗಳ ನಾಯಕನಾಗಿದ್ದನು. ಮೇಲೆ ಪ್ರಾರ್ಥನೆ, ಕೆಳಗೆ ಸಂಕೋಲೆ! ಆ ವ್ಯಾಪಾರವನ್ನು ಖಂಡಿಸಿ, ತನ್ನ ಪಾಲನ್ನು ಒಪ್ಪಿಕೊಂಡು, ಅವನು ಕಿರುಹೊತ್ತಗೆಯೊಂದನ್ನು ಪ್ರಕಟಿಸಿದ್ದು 1788ರಲ್ಲಿ. ನಡುವೆ 40 ವರ್ಷಗಳು ಕಳೆದಿದ್ದುವು. 1807ರಲ್ಲಿ ಬ್ರಿಟಿಷ್ ಶಾಸನವು ಆ ವ್ಯಾಪಾರವನ್ನು ನಿಷೇಧಿಸಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡನು.

ಕೃಪೆಯು ಮನುಷ್ಯನನ್ನು ಮೆಲ್ಲಮೆಲ್ಲಗೆ ತಿದ್ದುತ್ತದೆಂದು ಇದರಿಂದ ಸಮಾಧಾನ ತಂದುಕೊಳ್ಳುವುದು ಸುಲಭ. ಹಡಗಿನ ತಳದಲ್ಲಿ ಬಿದ್ದಿದ್ದವರಿಗೆ ಆ ಸಮಾಧಾನವೆಲ್ಲಿ? ನ್ಯೂಟನ್ನನ ನಿಧಾನವನ್ನು ನಾವು ಹೊಗಳಲಾರೆವು. ತಾನು ಕ್ಷಮೆ ಪಡೆದವನೆಂಬ ನೆಚ್ಚಿಕೆಯಿದ್ದುದರಿಂದಲೇ ಅವನು ಮುಪ್ಪಿನಲ್ಲಿ ತನ್ನ ಅಪರಾಧವನ್ನು ಮರೆಮಾಚದೆ ನುಡಿಯಬಲ್ಲವನಾದನೆಂಬುದನ್ನು ಮಾತ್ರ ಒಪ್ಪಬೇಕು. ದಂಡನೆಗೆ ಅಂಜುವವನು ನೆವ ಹುಡುಕುತ್ತಾನೆ.

ನಮ್ಮ ಮನೆಗಳಲ್ಲಿ ಹಡಗುಗಳಿಲ್ಲ, ನಿಜ. ಊಟಕ್ಕೆ ಮೊದಲು ಕೈಜೋಡಿಸಿ ದೇವರಿಗೆ ಸ್ತೋತ್ರ ಹೇಳುವ ಪದ್ಧತಿಯಿದೆ. ಇಂಗ್ಲಿಷಿನಲ್ಲಿ ಆ ಪ್ರಾರ್ಥನೆಗೂ ‘ಗ್ರೇಸ್’ ಎಂದೇ ಹೆಸರು. ಅನ್ನವನ್ನು ಬೇಯಿಸಿಕೊಟ್ಟ ಅಡಿಗೆಯಾಕೆಯು ಜ್ವರದಲ್ಲಿ ಮಲಗಿದ್ದ ಎರಡು ದಿನಗಳ ಕೂಲಿಯನ್ನು ನಾವು ಹಿಡಿದಿಟ್ಟುಕೊಂಡಿದ್ದರೆ, ನಾಳೆ ಬೆಳಗ್ಗೆ ಆಕೆ ಬಂದಾಗ ಕೊಟ್ಟುಬಿಡಬಹುದು.