ಆ ಕುರ್ಚಿಯಲ್ಲಿ ನಮ್ಮ ಮಕ್ಕಳು
(ಸಿನ್ನರ್‌ನಲ್ಲಿ ಕನ್ನಡ ಕಾರ್ಮಿಕರ ಮುಂದೆ ಮಾಡಿದ ಭಾಷಣ)



ನಾವು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯಲು ನಿಂತಾಗ ನಮ್ಮ ಓದು ಏಳನೆಯ ಇಯತ್ತೆಗೇ ಮುಗಿದಿತ್ತು. ಕೈ ಸುಟ್ಟರೆ ಯಾರಿಗೆ ಹೇಳಬೇಕೆಂದೂ ತಿಳಿಯದು. ಕಾರ್ಖಾನೆಗಳ ಮಾತು ಬೇರೆ. 500 ಜನ ದುಡಿಯುವಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾಯಿದೆ ವಿಧಿಸಿತು; 2020ರ ಸಂಹಿತೆ ಅದನ್ನು 250ಕ್ಕೆ ಇಳಿಸಿತು. ಆ ಕುರ್ಚಿಗೆ ಒಯ್ಯುವ ವಿದ್ಯೆಗಳಲ್ಲಿ ಸಮಾಜಕಾರ್ಯವೂ ಒಂದು.

1936ರಲ್ಲಿ ಮುಂಬಯಿಯಲ್ಲಿ ಟಾಟಾ ಟ್ರಸ್ಟಿನವರು ಈ ವಿದ್ಯೆಗೆ ತೆರೆದದ್ದು ಪದವೀಧರರ ಶಾಲೆ. ಈಗ ಹನ್ನೆರಡನೆಯ ಇಯತ್ತೆ ಮುಗಿಸಿದವರು ಒಮ್ಮೆ ಸೇರಿ, ಮೂರು ವರ್ಷದ ಪದವಿ, ಎರಡು ವರ್ಷದ ಎಂ.ಎ. ಎರಡನ್ನೂ ಒಟ್ಟಿಗೇ ಓದುವ ವ್ಯವಸ್ಥೆ ಕೆಲವೆಡೆ ಇದೆ.

ಇದು ಬರಿಯ ಪುಸ್ತಕದ ಓದಲ್ಲ. ಕೇರಿಗೆ, ಆಸ್ಪತ್ರೆಗೆ, ಕಾರ್ಖಾನೆಗೆ ಹೋಗಿ ದುಡಿದು, ಕಂಡದ್ದನ್ನು ಬರೆದು ಗುರುಗಳಿಗೆ ಒಪ್ಪಿಸಬೇಕು. ಇದೇ ಸಿನ್ನರ್‌ನಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ತಾಯಂದಿರಿದ್ದಾರೆ. ಸಾವಿರ ಬೀಡಿಗೆ ಇಷ್ಟೆಂದು ಅವರ ಕೂಲಿ. ಎಷ್ಟು ಬೀಡಿಯನ್ನು ಕೆಟ್ಟದೆಂದು ತಳ್ಳಿದರು, ಭವಿಷ್ಯನಿಧಿ ಕಟ್ಟಿದರೇ ಎಂದು ವಿಚಾರಿಸಲು, ಕೂಲಿಯ ಕಷ್ಟ ಉಂಡು ಬೆಳೆದ ಮಕ್ಕಳಿಗಿಂತ ತಕ್ಕವರು ಯಾರು?

ಐದು ವರ್ಷ ಮಗನ, ಮಗಳ ಸಂಪಾದನೆಯಿಲ್ಲದೆ ಮನೆ ನಡೆಸುವುದು ಸುಲಭವಲ್ಲ. ಆದ್ದರಿಂದ ಸೇರಿಸುವ ಮೊದಲೇ ಮೂರು ಮಾತು ಕೇಳಿರಿ: ಮೂರನೆಯ ವರ್ಷಕ್ಕೆ ನಿಲ್ಲಿಸಿದರೆ ಪದವಿ ಕೈಗೆ ಬರುವುದೇ? ವಿದ್ಯಾರ್ಥಿವೇತನ ಉಂಟೇ? ವಸತಿಗೃಹದ ಖರ್ಚೆಷ್ಟು? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಅರ್ಜಿ ತುಂಬಲು ಸಂಘ ನಿಮ್ಮ ಜೊತೆಗಿದೆ.

ನಮ್ಮ ಮಕ್ಕಳು ಆ ಕುರ್ಚಿಯಲ್ಲಿ ಕೂರಲಿ. ಕೂತ ಮೇಲೆ ಅಪ್ಪ ತೊಳೆದ ಕಪ್ಪು-ಬಸಿಯನ್ನು ಮರೆಯದಿರಲಿ.