ಪರದೇಶದಲ್ಲಿ ಒಂದು ಕೋಣೆ

ಈ ಮಾತುಗಳನ್ನಾಡಲು ನಾನು ಬಂದು ಕುಳಿತಿರುವ ಆಕಾಶವಾಣಿ ನಿಲಯ ಇರುವುದು ರಾಜಭವನ ರಸ್ತೆಯಲ್ಲಿ. ನೆರೆಯ ರಾಜಭವನವನ್ನು ಕಟ್ಟಿಸಿದವನು ಕಮಿಷನರ್ ಮಾರ್ಕ್ ಕಬ್ಬನ್. 1881ರಲ್ಲಿ ಮೈಸೂರು ಸಂಸ್ಥಾನ ಮರಳಿ ಒಡೆಯರ ಕೈಗೆ ಬಂದಾಗ ಆ ಬಂಗಲೆ ಬ್ರಿಟಿಷ್ ರೆಸಿಡೆಂಟನ ವಾಸಸ್ಥಾನವಾಯಿತು; ರೆಸಿಡೆನ್ಸಿ ಎಂದು ಹೆಸರಾಯಿತು. ರೆಸಿಡೆಂಟ್ ಎಂದರೆ ವಾಸಿಸುವವನು. ಕಡಲಾಚೆಯಿಂದ ಬಂದು ಇಲ್ಲಿ ವಾಸಿಸುವುದಕ್ಕೆ ಆತ ನಮ್ಮ ಯಾರ ಅಪ್ಪಣೆಯನ್ನೂ ಬೇಡಿರಲಿಲ್ಲ. ನಿನ್ನ ಮನೆಯಲ್ಲಿ ಕೋಣೆಗಳೆಷ್ಟು, ಅವುಗಳ ಉದ್ದಗಲವೆಷ್ಟು ಎಂದು ಆತನನ್ನು ಕೇಳಿದವರೂ ಇರಲಿಲ್ಲ. ಇಂದು ಅದೇ ಕಂಟೋನ್ಮೆಂಟಿನ ಮನೆಮನೆಗಳಲ್ಲಿ ರೆಸಿಡೆನ್ಸಿ ಎಂಬ ಮಾತು ಕಿವಿಗೆ ಬೀಳುತ್ತದೆ. ಅದೀಗ ಮಗನೋ ಮಗಳೋ ಪರದೇಶದಲ್ಲಿ ನೆಲೆಸಲು ಪಡೆಯಬೇಕಾದ ಪರವಾನಗಿಯ ಹೆಸರು.

ಈ ಪರವಾನಗಿಗೆ ವಿದ್ಯೆ, ವರಮಾನ, ಆರೋಗ್ಯ ಇವುಗಳ ದಾಖಲೆ ಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ಹಲವು ದೇಶಗಳು ಇನ್ನೊಂದನ್ನೂ ಕೇಳುತ್ತವೆ: ಬರುವವರು ಮಲಗುವುದೆಲ್ಲಿ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅವರು ಬೇರೆಬೇರೆಯಾಗಿ ಇಟ್ಟಿದ್ದ ಎರಡು ಕಷ್ಟಗಳನ್ನು ವಲಸೆಯ ಕಾನೂನು ಒಂದೇ ಅರ್ಜಿಯಲ್ಲಿ ಕಟ್ಟಿಹಾಕಿದೆ.

ಕಾಕ್ಸ್‌ಟೌನಿನಲ್ಲಿ ನಮ್ಮ ಬೀದಿಯ ಮಿತ್ರರೊಬ್ಬರು ಒಂದು ಸಂಜೆ ಕೈಯಲ್ಲಿ ಕಾಗದ ಹಿಡಿದು ಬಂದರು. ಅವರ ಅಳಿಯ ಇಂಗ್ಲೆಂಡಿನಲ್ಲಿ ಕಾಯಂ ಆಗಿ ನೆಲೆಸಿದವನು. ಬಾಣಂತನಕ್ಕೆಂದು ತೌರಿಗೆ ಬಂದಿದ್ದ ಮಗಳು ಈಗ ಕೂಸಿನೊಡನೆ ಗಂಡನ ಬಳಿಗೆ ಹೋಗಬೇಕು. ಅವಳ ಹಳೆಯ ಪರವಾನಗಿ ಮುಗಿದುಹೋಗಿತ್ತು. ಹೊಸದಾಗಿ ಅರ್ಜಿ ಹಾಕಬೇಕಾಗಿತ್ತು. "ಮೇಷ್ಟ್ರೇ, ಈ ಅಡಿಕ್ವೇಟ್ ಅಕಾಮೊಡೇಷನ್ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು?" ಎಂದು ಕೇಳಿದರು. ಸಾಕಷ್ಟು ವಸತಿ ಎಂದೆ. "ಸಾಕು ಅನ್ನುವವರು ಯಾರು, ನಾವೋ ಅವರೋ?" ಎಂದರು. ನಲವತ್ತು ವರ್ಷ ಪಾಠ ಹೇಳಿದ ನನಗೆ ಆ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಕಾಗದಗಳನ್ನು ಓದಿದ ಮೇಲೆ ತಿಳಿಯಿತು. ಅಲ್ಲಿನ ನಿಯಮದಂತೆ, ಕುಟುಂಬವು ಸರ್ಕಾರದ ನೆರವಿಗೆ ಕೈಚಾಚದೆ, ಸ್ವಂತದ್ದೋ ಬಾಡಿಗೆಯದೋ, ತನಗೇ ಮೀಸಲಾದ ವಸತಿಯನ್ನು ತೋರಿಸಬೇಕು. ಇಡೀ ಮನೆಯೇ ಆಗಬೇಕೆಂದಿಲ್ಲ, ಮೀಸಲಾದ ಒಂದು ಕೋಣೆಯಾದರೂ ಸರಿ; ಆದರೆ ಮನೆಯಲ್ಲಿ ಮಿತಿಮೀರಿ ಜನರಿರಕೂಡದು. ಆ ಮಿತಿಯ ಲೆಕ್ಕ 1985ರ ವಸತಿ ಕಾನೂನಿನಲ್ಲಿದೆ. ಅದರ ಬೇರು 1935ರ ಕಾನೂನಿನಲ್ಲಿದೆ. ಒಂದು ಕೋಣೆಗೆ ಇಬ್ಬರು, ಎರಡಕ್ಕೆ ಮೂವರು, ಮೂರಕ್ಕೆ ಐವರು. ಪಡಸಾಲೆಯೂ ಮಲಗುವ ಕೋಣೆಯ ಲೆಕ್ಕಕ್ಕೆ ಬರುತ್ತದೆ. ಬಚ್ಚಲಿಗೆ ಆ ಭಾಗ್ಯವಿಲ್ಲ. ಇಷ್ಟೇ ಅಲ್ಲದೆ ಚದರಡಿಯ ಲೆಕ್ಕವೂ ಉಂಟು. 110 ಚದರಡಿಯ ಅಥವಾ ಅದಕ್ಕೂ ದೊಡ್ಡ ಕೋಣೆಗೆ ಇಬ್ಬರು, 90ರಿಂದ 110ರೊಳಗಿದ್ದರೆ ಒಂದೂವರೆ ಜನ, 70ರಿಂದ 90ರೊಳಗಿದ್ದರೆ ಒಬ್ಬರು, 50ರಿಂದ 70ರೊಳಗಿದ್ದರೆ ಅರ್ಧ ಜನ. ಐವತ್ತಕ್ಕಿಂತ ಚಿಕ್ಕದು ಕೋಣೆಯೇ ಅಲ್ಲ. ಎರಡು ಲೆಕ್ಕಗಳಲ್ಲಿ ಯಾವುದು ಕಡಮೆಯೋ ಅದೇ ಸಿಂಧು.

ಈ ಅರ್ಧ ಜನ ಯಾರು? ಒಂದು ವರ್ಷ ತುಂಬಿ ಹತ್ತು ತುಂಬದ ಮಗು. ವರ್ಷ ತುಂಬದ ಕೂಸು ಸೊನ್ನೆ.

ಅಳಿಯನ ಮನೆಯಲ್ಲಿ ಒಂದು ಪಡಸಾಲೆ, ಒಂದು ಮಲಗುವ ಕೋಣೆ. ಇರುವವರು ಅವನು ಮತ್ತು ಅವನ ವಿಧವೆ ತಾಯಿ. ಹೆಂಡತಿ ಸೇರಿದರೆ ಮೂವರು, ಕಾನೂನಿಗೆ ಸರಿಹೋಗುತ್ತದೆ. ಕೂಸಿಗೆ ಆಗ ಒಂಬತ್ತು ತಿಂಗಳು. ಇನ್ನು ಮೂರು ತಿಂಗಳಿಗೆ ಅದು ಸೊನ್ನೆಯಿಂದ ಅರ್ಧವಾಗುತ್ತದೆ, ಮನೆ ಇಕ್ಕಟ್ಟಾಗುತ್ತದೆ. ಅರ್ಜಿಯ ತೀರ್ಮಾನಕ್ಕೆ ವಾರಗಳೋ ತಿಂಗಳುಗಳೋ, ಹೇಳುವವರಿಲ್ಲ. ಮೊಮ್ಮಗಳ ಮೊದಲ ಹುಟ್ಟುಹಬ್ಬವನ್ನು ಎದುರುನೋಡಬೇಕಾದ ಅಜ್ಜ ಅದಕ್ಕೆ ಅಂಜುತ್ತಿದ್ದರು. ಕನ್ನಡದ ಇಕ್ಕಟ್ಟು ಎಂಬ ಪದಕ್ಕೆ ಜಾಗದ ಕಿರಿದೂ ಅರ್ಥ, ಸಂಕಟವೂ ಅರ್ಥ. ನಿಘಂಟಿನಲ್ಲಿ ಎಷ್ಟೋ ಸಲ ನೋಡಿದ್ದ ಆ ಎರಡು ಅರ್ಥಗಳು ಒಂದೇ ಮುಖದಲ್ಲಿ ಕೂಡಿದ್ದನ್ನು ಅಂದು ಕಂಡೆ.

ನಾನು ಬೆಳೆದದ್ದು ಹಲಸೂರಿನ ಒಂದು ವಠಾರದಲ್ಲಿ. ಸೋಮೇಶ್ವರ ದೇವಸ್ಥಾನದ ಗಂಟೆ ಕೇಳುವಷ್ಟು ಹತ್ತಿರ. ಎರಡು ಕೋಣೆ, ಒಂದು ಅಡುಗೆಮನೆ, ವಠಾರಕ್ಕೆಲ್ಲ ಒಂದೇ ನಲ್ಲಿ. ಮನೆಯಲ್ಲಿ ನಾವು ಹನ್ನೊಂದು ಮಂದಿ. ಇಂಗ್ಲಿಷರ ಲೆಕ್ಕದಲ್ಲಿ ಮೂವರಿಗೆ ಮಾತ್ರ ಅಲ್ಲಿ ಹಕ್ಕು. ಬೆಳಗ್ಗೆ ಹಾಸಿಗೆ ಸುತ್ತಿಟ್ಟರೆ ನಡುಮನೆ, ರಾತ್ರಿ ಬಿಚ್ಚಿದರೆ ಮಲಗುವ ಮನೆ. ಕೋಲಾರದ ಕಡೆಯಿಂದ ಕೆಲಸ ಹುಡುಕಿ ಬಂದ ನೆಂಟ ಆರು ತಿಂಗಳು ಇದ್ದರೂ ಅವನಿಗೆ ಜಾಗವೆಲ್ಲಿ ಎಂದು ಕೇಳಿದವರಿಲ್ಲ. ಹೀಗೆ ಹೇಳಿ ಹೆಮ್ಮೆಪಡುವುದು ಸುಲಭ. ಆದರೆ ನನ್ನಕ್ಕ ಓದಲು ಮೂಲೆಯೊಂದೂ ದೊರೆಯದೆ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಬೀದಿದೀಪಕ್ಕೆ ಪುಸ್ತಕ ಹಿಡಿದು ಕೂರುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ತೇರ್ಗಡೆಯಾಗಲಿಲ್ಲ, ಮತ್ತೆ ಓದಲೂ ಇಲ್ಲ. ಹನ್ನೊಂದು ಮಂದಿಯ ಆ ಔದಾರ್ಯದ ಬೆಲೆಯನ್ನು ಅವಳೊಬ್ಬಳೇ ತೆತ್ತಳೆಂದು ನನಗೆ ಈಗ ತೋರುತ್ತದೆ. 1898ರಲ್ಲಿ ಪ್ಲೇಗು ಬಂದಾಗ ಇಂಥ ಇಕ್ಕಟ್ಟಿನ ಕೇರಿಗಳೇ ಹೆಚ್ಚು ನರಳಿದವು. ಗಾಳಿ ಬೆಳಕುಗಳಿಗೆ ಎಡೆಯಿಟ್ಟು ಮಲ್ಲೇಶ್ವರ, ಬಸವನಗುಡಿಗಳು ಎದ್ದದ್ದೂ, ಕಂಟೋನ್ಮೆಂಟಿನಲ್ಲಿ ಫ್ರೇಜರ್‌ಟೌನ್ ಮೂಡಿದ್ದೂ ಅದರ ಬೆನ್ನಿಗೇ. ಆದ್ದರಿಂದ ಅಳತೆಗೋಲಿನ ಮೇಲೆ ನನಗೆ ಮುನಿಸಿಲ್ಲ. ಬಡವರ ಉಸಿರಿಗಾಗಿ ಹುಟ್ಟಿದ ಕೋಲು ಗಂಡಹೆಂಡಿರ ನಡುವೆ ಅಡ್ಡಗೋಲಾದಾಗ ಮಾತ್ರ ಮನಸ್ಸು ಮುದುಡುತ್ತದೆ.

ಎಲ್ಲ ದೇಶಗಳ ಕೋಲೂ ಒಂದೇ ಅಲ್ಲ. ಜರ್ಮನಿಯವರ ರೂಢಿಯಲ್ಲಿ ಆರು ವರ್ಷ ಮೀರಿದ ಪ್ರತಿಯೊಬ್ಬರಿಗೆ 12 ಚದರ ಮೀಟರು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 129 ಚದರಡಿ. ಅದಕ್ಕಿಂತ ಚಿಕ್ಕವರಿಗೆ 10 ಚದರ ಮೀಟರು. ಎರಡು ತುಂಬದ ಕೂಸು ಲೆಕ್ಕಕ್ಕಿಲ್ಲ. ಶೇಕಡಾ ಹತ್ತರಷ್ಟು ಕಡಮೆಯಾದರೆ ಬಾಧಕವಿಲ್ಲವೆಂದು ಅವರೇ ಬರೆದುಕೊಂಡಿದ್ದಾರೆ. ಕಟ್ಟುನಿಟ್ಟಿಗೆ ಹೆಸರಾದ ಜನರಲ್ಲಿ ಈ ಸಡಿಲ ನನಗೆ ಮೆಚ್ಚಿಗೆಯಾಯಿತು. 2024ರ ಮಾರ್ಚಿನಿಂದ, ಕುಶಲ ಉದ್ಯೋಗಿಗಳ ಪತ್ನಿ ಅಥವಾ ಪತಿ, ಅಪ್ರಾಪ್ತ ಮಕ್ಕಳು ಬರುವುದಾದರೆ ಮನೆಯ ವಿಸ್ತಾರದ ಪುರಾವೆಯನ್ನೇ ಅವರು ಕೈಬಿಟ್ಟರು. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುವ ನವವಧುಗಳಲ್ಲಿ ಹಲವರಿಗೆ ಒಂದು ಚಿಂತೆ ಕಳೆದಿರಬೇಕು. ದುಡಿಯುವ ಕೈ ಬೇಕಾದಾಗ ಕೋಣೆ ತಾನಾಗಿ ಅಗಲವಾಗುತ್ತದೆ. ಇಂಗ್ಲೆಂಡಿನಲ್ಲಿ ಹಾಗಾಗಲಿಲ್ಲ, ಕೋಣೆಯ ನಿಯಮ ಉಳಿಯಿತು, ಸಂಗಾತಿಯನ್ನು ಕರೆಸಿಕೊಳ್ಳಲು ಬೇಕಾದ ವಾರ್ಷಿಕ ವರಮಾನ 2024ರ ಏಪ್ರಿಲಿನಲ್ಲಿ 18,600 ಪೌಂಡಿನಿಂದ 29,000ಕ್ಕೆ ಏರಿತು.

ನಮ್ಮ ಮಿತ್ರರ ಸಂಗತಿಗೆ ಬರುತ್ತೇನೆ. ಅಳಿಯನ ತಾಯಿ ಫೋನಿನಲ್ಲಿ, "ನಾನು ಕೆಲವು ದಿನ ಹಿರಿಯ ಮಗನಲ್ಲಿಗೆ ಹೋಗುತ್ತೇನೆ, ಮೊದಲು ಕೂಸು ಬರಲಿ" ಎಂದರಂತೆ. ಹುಡುಗಿ ಒಪ್ಪಲಿಲ್ಲ. "ಅತ್ತೆಯವರನ್ನು ಹೊರಗೆ ಕಳಿಸಿ ನಾನು ಒಳಗೆ ಹೋಗುವುದೇ?" ಎಂದಳು. ಅದೂ ಅಲ್ಲದೆ, ಮನೆಯಲ್ಲಿ ಇರುವವರನ್ನು ಇಲ್ಲವೆಂದು ಬರೆಯುವುದು ಸುಳ್ಳಾಗುತ್ತದೆ. ಆ ಸುಳ್ಳು ಸಿಕ್ಕಿಬಿದ್ದರೆ ಇಡೀ ಅರ್ಜಿಯೇ ಮುಳುಗುತ್ತದೆ. ಕೊನೆಗೆ ಅಳಿಯ ಅದೇ ಕಟ್ಟಡದಲ್ಲಿ ಇನ್ನೊಂದು ಮನೆ ಹಿಡಿದ. ಬಾಡಿಗೆಯ ಕರಾರುಪತ್ರ, ಮನೆಯೊಡೆಯನ ಒಪ್ಪಿಗೆ, ಅಳತೆಗಾರನ ವರದಿ ಎಲ್ಲ ಕೂಡಿದವು. ಪಡಸಾಲೆ 150 ಚದರಡಿ: ಇಬ್ಬರು. ಮಲಗುವ ಕೋಣೆ 85: ಒಬ್ಬರು. ಮೂರನೆಯ ಪುಟ್ಟ ಕೋಣೆ ಒಂಬತ್ತಡಿಗೆ ಆರೂವರೆ, 58 ಚಿಲ್ಲರೆ: ಅರ್ಧ ಜನ. ಒಟ್ಟು ಮೂರೂವರೆ. ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಮೆಯಿಲ್ಲ.

ವರದಿ ಬಂದ ದಿನ ಮಿತ್ರರೂ ನಾನೂ ಅವರ ಪಡಸಾಲೆಯಲ್ಲಿ ಟೇಪು ಹಿಡಿದು ಒಂಬತ್ತಡಿ ಆರೂವರೆಯ ಗೆರೆಯನ್ನು ಸೀಮೆಸುಣ್ಣದಲ್ಲಿ ಎಳೆದೆವು. ಅಜ್ಜಿ ಕೂಸನ್ನು ತಂದು ಅದರ ನಡುವೆ ಕೂರಿಸಿದರು. ಅದು ಗೆರೆಯನ್ನು ಅಂಗೈಯಿಂದ ಒರೆಸುತ್ತಾ ಆಚೆಗೆ ತೆವಳಿಕೊಂಡು ಹೋಯಿತು.

ಹುಟ್ಟುಹಬ್ಬ ಕಾಕ್ಸ್‌ಟೌನಿನಲ್ಲೇ ನಡೆಯಿತು. ಪರವಾನಗಿ ಅದಾದ ಮೇಲೆ ಬಂತು. ಈಗ ಅವರು ಅಲ್ಲಿದ್ದಾರೆ. ಪುಟ್ಟ ಕೋಣೆಗೆ ಸಣ್ಣ ಮಂಚವೊಂದನ್ನು ಹಾಕಿಸಿದ್ದಾರೆ. ಹಾಕಿದ ಮೇಲೆ ಬಾಗಿಲು ಪೂರ್ತಿ ತೆರೆಯುವುದಿಲ್ಲವಂತೆ. ಮಗು ಮಾತ್ರ ರಾತ್ರಿಯೆಲ್ಲ ಅಜ್ಜಿಯ ಮಗ್ಗುಲಲ್ಲೇ ಮಲಗುತ್ತದಂತೆ.