ಇದೊಂದು ಹಾಡು ಕೇಳಿ ನೋಡಿ



ಎರಡನೇ ಮಹಾಯುದ್ಧ ಮುಗಿದ ಹೊಸತು. ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರೊಬ್ಬರಿದ್ದರು. ತಾಯ್ನಾಡು ಬಿಟ್ಟು ಬಂದವರು. ವಯಸ್ಸು ಅರವತ್ತೈದು ದಾಟಿತ್ತು, ಹೃದಯದ ಕಾಯಿಲೆ ಬೇರೆ. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ಯುದ್ಧದಿಂದಾಗಿ ನಿಂತುಹೋಗಿತ್ತು. ಅವರು ರಚಿಸಿದ ಪಿಯಾನೊ ಸಂಗೀತವನ್ನು ಮನಸಾರೆ ಮೆಚ್ಚಿದವರಿದ್ದರು, ಆದರೆ ಬಹಳ ಮಂದಿಯಲ್ಲ. ಅಂಥ ಹೊತ್ತಿನಲ್ಲಿ ನೆರವು ಹೋದದ್ದು ನಮ್ಮ ಮೈಸೂರಿನಿಂದ. ಆಗಿನ್ನೂ ಮೂವತ್ತು ತುಂಬದ ಮಹಾರಾಜ ಜಯಚಾಮರಾಜ ಒಡೆಯರು ಆ ಸಂಗೀತವನ್ನು ರೆಕಾರ್ಡ್ ಮಾಡಿಸುವ ಖರ್ಚನ್ನು ತಾವೇ ವಹಿಸಿಕೊಂಡರು. ಮೆಟ್ನರ್ ಪಿಯಾನೊ ಮುಂದೆ ಕುಳಿತು ತಮ್ಮ ಮೂರೂ ಕಾನ್ಸರ್ಟೊಗಳನ್ನು ನುಡಿಸಿದರು. 1951ರಲ್ಲಿ ಅವರು ತೀರಿಕೊಂಡರು. ಅವರ ಮೂರನೆಯ ಕಾನ್ಸರ್ಟೊ ಅರ್ಪಣೆಯಾಗಿರುವುದು ಮೈಸೂರು ಮಹಾರಾಜರಿಗೆ.

ಇದೇ ಒಡೆಯರು ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತವಿಟ್ಟು 94 ಕೃತಿಗಳನ್ನು ರಚಿಸಿದವರು. ಒಂದನ್ನು ಪ್ರೀತಿಸಲು ಇನ್ನೊಂದನ್ನು ಬಿಡಬೇಕೆಂದು ಅವರಿಗೆ ಅನಿಸಲಿಲ್ಲ. ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವೆಂದು ಅಂದಾಜು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ ನಡೆಯಿತು. ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆ ಕಛೇರಿಗೆ 4,800 ಡಾಲರುಗಳ ಖಾತರಿ ಕೊಟ್ಟವರು ಒಡೆಯರು. ತಾವು ಹೋಗಲಾಗದಿದ್ದರೂ ಹಾಡುಗಳನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಬೇಕೆಂಬುದು ಅವರ ಏರ್ಪಾಡು. ಆ ಸಂಜೆಯ ಧ್ವನಿಮುದ್ರಣ ಇಂದಿಗೂ ಉಳಿದಿದೆ.

ಅರಸರು, ಹಣವಿತ್ತು, ಮಾಡಿದರು ಎನ್ನಬಹುದು. ಹಣವಿದ್ದ ಅರಸರು ಬೇಕಾದಷ್ಟು ಮಂದಿ ಇದ್ದರು. ತನಗೆ ಹಿಡಿಸಿದ್ದು ನಾಲ್ಕು ಜನರ ಕಿವಿಗೂ ಬೀಳಲಿ ಎಂಬ ತವಕ ಎಲ್ಲರಲ್ಲೂ ಇರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಆ ತವಕ.

ಅದೇ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಇತ್ತು. ದಕ್ಷಿಣ ಕನ್ನಡದಿಂದ ಬಂದ ಒಬ್ಬ ಹುಡುಗ, ನಾಗಸ್ವರ ವಿದ್ವಾಂಸರ ಮಗ, ಅದನ್ನು ಕೇಳಿ ಮರುಳಾದ. ಇದರಲ್ಲಿ ನಮ್ಮ ಸಂಗೀತ ನುಡಿಸಬೇಕು ಎಂದು ಹಟ ಹಿಡಿದ. ಅದೇನು ಸುಲಭದ ಮಾತೇ? ಸ್ಯಾಕ್ಸೊಫೋನಿನ ಕೀಲಿಗಳು ಸ್ವರಗಳನ್ನು ಬಿಡಿಬಿಡಿಯಾಗಿ ಕೊಡುತ್ತವೆ. ನಮ್ಮ ಗಮಕಕ್ಕೋ ಒಂದು ಸ್ವರ ಇನ್ನೊಂದಕ್ಕೆ ಜಾರಬೇಕು, ತೂಗಬೇಕು, ನಡುವೆ ಎಲ್ಲೂ ಕಡಿಯಬಾರದು. ಅದೆಲ್ಲವನ್ನೂ ಉಸಿರಿನಿಂದ, ತುಟಿಯಿಂದ ಒಲಿಸಿಕೊಳ್ಳಲು ವರ್ಷಗಟ್ಟಲೆ ಸಾಧನೆ ಬೇಕಾಯಿತು. ಆ ಹುಡುಗನೇ ಕದ್ರಿ ಗೋಪಾಲನಾಥ್. 1994ರಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ಅವರು ಸ್ಯಾಕ್ಸೊಫೋನ್ ನುಡಿಸಿದ್ದು ಅದೇ ಆಲ್ಬರ್ಟ್ ಹಾಲ್‌ನಲ್ಲಿ.

ಭೀಮಸೇನ ಜೋಶಿಯವರ ಕಥೆ ನಿಮಗೆಲ್ಲ ಗೊತ್ತೇ ಇದೆ. ಗದಗ ಸೀಮೆಯ ಬಾಲಕ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿದ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟೇಬಿಟ್ಟ. ಆಗಿನ ರೆಕಾರ್ಡಿನ ಒಂದು ಬದಿ ಓಡುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ಅದನ್ನು ಯಾರೋ ಹಾಕಿದ್ದರಿಂದ ತಾನೇ ಆ ಹುಡುಗನಿಗೆ ಕೇಳಿಸಿದ್ದು? ಆ ಖಾನರೂ ಹಾಗೆಯೇ. ಕಿರಾನಾ ಘರಾಣೆಯ ಗಾಯಕರಾಗಿದ್ದೂ ದಕ್ಷಿಣದ ಸಂಗೀತವನ್ನು ಕಿವಿಗೊಟ್ಟು ಕೇಳಿದರು, ತ್ಯಾಗರಾಜರ ಕೃತಿಯನ್ನೂ ಹಾಡಿದರು.

ಈಗ ನಮ್ಮ ಕೈಯಲ್ಲಿ ಫೋನ್ ಇದೆ, ಅದರೊಳಗೆ ಲೋಕದ ಸಂಗೀತವೆಲ್ಲ ಇದೆ. ಒಂದು ಹಾಡು ಮುಗಿಯುತ್ತಲೇ ಅದೇ ಇನ್ನೊಂದನ್ನು ಹಾಕುತ್ತದೆ. ಆದರೆ ಸಾಮಾನ್ಯವಾಗಿ ಅದು ಹುಡುಕಿ ಕೊಡುವುದು ನಾವು ಈಗಾಗಲೇ ಕೇಳಿದ್ದನ್ನು ಹೋಲುವ ಹಾಡನ್ನೇ. ನಾವಾಗಿ ಎಂದೂ ಹುಡುಕದಿದ್ದನ್ನು ತಂದು ಕಿವಿಗೆ ಹಾಕುವುದಕ್ಕೆ ನಮ್ಮನ್ನು ಬಲ್ಲ ಒಬ್ಬ ಮನುಷ್ಯ ಬೇಕು. ದಿನಕ್ಕೆ ಹತ್ತು ಲಿಂಕ್ ಕಳಿಸಿದರೆ ಆ ಕೆಲಸ ಆಗುವುದಿಲ್ಲ, ಹಾಗೆ ಬಂದವನ್ನು ಹೆಚ್ಚಿನವರು ತೆರೆದೂ ನೋಡುವುದಿಲ್ಲ. ಒಂದೇ ಹಾಡು ಕಳಿಸಿ. ಜೊತೆಗೆ ಎರಡು ಮಾತು ಬರೆಯಿರಿ: ಪಲ್ಲವಿ ಮುಗಿದ ಮೇಲೆ ಪಿಟೀಲು ಬರುತ್ತದಲ್ಲ, ಅಲ್ಲಿ ಸ್ವಲ್ಪ ಗಮನ ಕೊಡು. ಆಗ ಕೇಳುವವರ ಕಿವಿಗೆ ಒಂದು ದಾರಿ ಸಿಗುತ್ತದೆ.

ದಾರಿ ಹತ್ತಿರದಿಂದಲೇ ಶುರುವಾಗಬೇಕು. ಸಿನಿಮಾ ಹಾಡು ಬಿಟ್ಟು ಬೇರೇನೂ ಕೇಳದವರ ಮುಂದೆ ಮೊದಲ ದಿನವೇ ಮಲ್ಲಿಕಾರ್ಜುನ ಮನ್ಸೂರರ ಅಪರೂಪದ ರಾಗವನ್ನು ಇಟ್ಟರೆ ಪಾಪ, ಅವರಿಗೆ ತಲೆಬುಡ ತಿಳಿಯುವುದಿಲ್ಲ. 1966ರ ‘ಸಂಧ್ಯಾರಾಗ’ ಚಿತ್ರದ ಹಾಡುಗಳಿಂದ ತೊಡಗಿ. ಭೀಮಸೇನ ಜೋಶಿಯವರೂ ಬಾಲಮುರಳಿಕೃಷ್ಣ ಅವರೂ ಹಾಡಿದ ಚಿತ್ರ ಅದು. ಅಲ್ಲಿಂದ ಜೋಶಿಯವರ ದಾಸರ ಪದಗಳಿಗೆ ಬನ್ನಿ, ಖಯಾಲು ಆಮೇಲೆ ತಾನಾಗಿ ಬರುತ್ತದೆ. ಜನಪದವೆಂದರೆ ಮೂಗು ಮುರಿಯುವವರಿಗೆ ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ಪದ ಕೇಳಿಸಿ. ಕರ್ನಾಟಕ ಸಂಗೀತವನ್ನು ಅರೆದು ಕುಡಿದವರಿಗೆ ಕಾಳಿಂಗ ನಾವಡರ ಭಾಗವತಿಕೆ ಕೇಳಿಸಿ. ಯಕ್ಷಗಾನದ ಚೆಂಡೆಯ ನಡುವೆ ಆ ಕಂಠ ಏರುವಾಗ ಏನಾಗುತ್ತದೆಂದು ಅವರೇ ಹೇಳಲಿ.

ಒಂದು ಮಾತನ್ನು ಮಾತ್ರ ದಯವಿಟ್ಟು ಆಡಬೇಡಿ: ‘ನೀನು ಕೇಳೋದೂ ಒಂದು ಹಾಡಾ?’ ಅಲ್ಲಿಗೆ ಎದುರಿನವರ ಕಿವಿ ಮುಚ್ಚಿಹೋಗುತ್ತದೆ, ನೀವು ಎಂಥ ಗಂಧರ್ವಗಾನ ಹಾಕಿದರೂ ಅಷ್ಟೇ. ದೊಡ್ಡವರು ಮಕ್ಕಳಿಗೆ ಕೇಳಿಸಲು ತುದಿಗಾಲಲ್ಲಿ ಇರುತ್ತೇವೆ, ಅವರದ್ದನ್ನು ಕೇಳಲು ನಮಗೆ ಪುರುಸೊತ್ತಿಲ್ಲ. ಇದು ನ್ಯಾಯವಲ್ಲ. ಮಗಳು ಕೇಳುವ ಕನ್ನಡ ರ್‍ಯಾಪ್ ಹಾಡನ್ನು ಒಮ್ಮೆ ಅವಳ ಪಕ್ಕದಲ್ಲಿ ಕುಳಿತು ಕೇಳಿ. ಬಾಯಲ್ಲೇ ತಾಳದ ಜತಿ ನುಡಿಯುವ ಕೊನ್ನಕ್ಕೋಲು ಕೇಳಿ ಬೆಳೆದ ಕಿವಿಗೆ ಅದರ ಲಯ ಅಷ್ಟೇನೂ ದೂರದ್ದಲ್ಲ. ನಿಮಗೆ ಹಿಡಿಸದೇ ಹೋಗಬಹುದು. ಹಿಡಿಸಲಿಲ್ಲ ಎಂದೇ ಹೇಳಿ, ಪೂರ್ತಿ ಕೇಳಿದ ಮೇಲೆ ಹೇಳಿ.

ಇವತ್ತು ಭಾನುವಾರವೋ ರಜೆಯೋ ಆಗಬೇಕಿಲ್ಲ. ಸಂಜೆ ಮನೆಗೆ ಬಂದ ಮೇಲೆ ಒಂದು ಹತ್ತು ನಿಮಿಷ ಸಾಕು. ನಿಮಗೆ ಪ್ರಿಯವಾದ ಒಂದು ಹಾಡನ್ನು ಮನೆಯಲ್ಲಿ ಒಬ್ಬರಿಗೆ ಕೇಳಿಸಿ, ಅದು ಏಕೆ ಇಷ್ಟವೆಂದು ಹೇಳಿ. ಆಮೇಲೆ ಅವರ ಹಾಡು ಯಾವುದೆಂದು ಕೇಳಿ, ಅದನ್ನೂ ಹಾಕಿಸಿಕೊಂಡು ಕೇಳಿ.